ಹಳೆಯ ಪೈಲಟ್ ವಿಂಗ್ಸ್‌ಗಳ ಕಾಲ ಗುರುತಿಸುವುದು: ತಾತನ ಪೆಟ್ಟಿಗೆಯ ಎರಡು, ನಾನು ಕೊಂಡ ಒಂದು

ಅಟ್ಟದಪೆಟ್ಟಿಗೆ (ಮೈಸೂರು)

ಎಲ್ಲರಿಗೂ ನಮಸ್ಕಾರ. ಕಳೆದ ತಿಂಗಳು ನಮ್ಮ ಹಳೆಯ ಮನೆಯನ್ನು ಖಾಲಿ ಮಾಡುವಾಗ ಅಟ್ಟದ ಮೇಲೆ ನನ್ನ ತಾಯಿಯ ತಂದೆಯವರ ತಗಡಿನ ಟ್ರಂಕ್ ಸಿಕ್ಕಿತು. ಅದರಲ್ಲಿ ಒಂದು ಖಾಕಿ ಅಂಗಿ, ಸಂಖ್ಯೆ ಕೊರೆದ ಒಂದು ಹಿತ್ತಾಳೆ ಬಿಲ್ಲೆ, ವಿಮಾನದ ಪಕ್ಕದಲ್ಲಿ ತಾತ ನಿಂತಿರುವ ಒಂದು ಭಾವಚಿತ್ರ ಮತ್ತು ಎರಡು ವಿಂಗ್ಸ್ (ಪೈಲಟ್‌ಗಳು ಎದೆಯ ಮೇಲೆ ಧರಿಸುವ ರೆಕ್ಕೆಯಾಕಾರದ ಲಾಂಛನ) ಇದ್ದವು. ಮೊದಲನೆಯದು ಬಟ್ಟೆಯದು. ಸುಮಾರು ನಾಲ್ಕು ಅಂಗುಲ ಅಗಲವಿದ್ದು, ಖಾಕಿ ಅಂಗಿಯ ಎಡಜೇಬಿನ ಮೇಲೆ ಹೊಲಿದೇ ಇದೆ. ನಡುವೆ ಎಲೆಯ ಹಾರ, ಅದರೊಳಗೆ ಹೆಣೆದುಕೊಂಡ ಅಕ್ಷರಗಳು, ಮೇಲೆ ಕಿರೀಟ. ಎರಡನೆಯದು ಲೋಹದ್ದು. ಮೂರು ಅಂಗುಲವಿದೆ, ನಡುವೆ ಪಟ್ಟೆಗಳಿರುವ ಗುರಾಣಿ, ಹಿಂದೆ ಪಿನ್.

ಇವನ್ನು ಕಂಡ ಉತ್ಸಾಹದಲ್ಲಿ ನಾನು ಬೆಂಗಳೂರಿನ ಹಳೆಯ ವಸ್ತುಗಳ ವ್ಯಾಪಾರಿಯೊಬ್ಬರಿಂದ ಮೂರನೆಯದೊಂದನ್ನು ಕೊಂಡೆ. ಅದು ಚಿನ್ನದ ಜರಿಯಲ್ಲಿ ಕಸೂತಿ ಮಾಡಿದ ಆರ್‌ಎಫ್‌ಸಿ (ರಾಯಲ್ ಫ್ಲೈಯಿಂಗ್ ಕೋರ್, ಮೊದಲ ಮಹಾಯುದ್ಧದ ಕಾಲದ ಬ್ರಿಟಿಷ್ ವಾಯುದಳ) ವಿಂಗ್ಸ್. 1917ರದೆಂದು ಬರೆದ ಚೀಟಿಯೂ ಜೊತೆಗಿತ್ತು. ತಾತ ಯುದ್ಧಕಾಲದಲ್ಲಿ ಪೈಲಟ್ ಆಗಿದ್ದರು ಎಂಬುದು ನಮ್ಮ ಮನೆಯಲ್ಲಿ ಎಲ್ಲರೂ ಹೇಳುತ್ತ ಬಂದಿರುವ ಮಾತು. ಈ ಮೂರರ ಕಾಲವನ್ನು ಗುರುತಿಸುವುದು ಹೇಗೆಂದು ತಿಳಿದವರು ದಯವಿಟ್ಟು ತಿಳಿಸಬೇಕು.

ನಿವೃತ್ತವಾಯುಸೈನಿಕ (ಜಾಲಹಳ್ಳಿ)

ಮೊದಲು ಕಿರೀಟವನ್ನು ನೋಡಿ, ಆಮೇಲೆ ಅಕ್ಷರಗಳನ್ನು ಎಣಿಸಿ. ಬ್ರಿಟಿಷ್ ಮಾದರಿಯ ವಿಂಗ್ಸ್‌ಗಳಿಗೆ ಈ ಎರಡೇ ಮೊದಲ ಜರಡಿ.

1901ರಲ್ಲಿ ಏಳನೆಯ ಎಡ್ವರ್ಡ್ ಗದ್ದುಗೆಗೆ ಬಂದಾಗಿನಿಂದ 1952ರಲ್ಲಿ ಆರನೆಯ ಜಾರ್ಜ್ ತೀರಿಕೊಳ್ಳುವವರೆಗೂ ಸೇನಾ ಲಾಂಛನಗಳಲ್ಲಿ ಇದ್ದದ್ದು ಟ್ಯೂಡರ್ ಕಿರೀಟ. ಅದರ ಕಮಾನುಗಳು ಗುಮ್ಮಟದಂತೆ ಏರಿ ದುಂಡಗೆ ಇಳಿಯುತ್ತವೆ. ಎರಡನೆಯ ಎಲಿಜಬೆತ್ ಆರಿಸಿಕೊಂಡದ್ದು ಸೇಂಟ್ ಎಡ್ವರ್ಡ್ ಕಿರೀಟ. ಅದರ ಕಮಾನುಗಳು ನಡುವಿನಲ್ಲಿ ತಗ್ಗಿ, ಎರಡು ದಿಬ್ಬಗಳ ನಡುವಿನ ಕಣಿವೆಯಂತೆ ಕಾಣುತ್ತವೆ. ಸಂಗ್ರಾಹಕರು ಇವನ್ನು ರಾಜಕಿರೀಟ, ರಾಣಿಕಿರೀಟ ಎಂದು ಕರೆಯುವುದು ರೂಢಿ. ಒಂದು ಎಚ್ಚರಿಕೆ: 2022ರಲ್ಲಿ ಮೂರನೆಯ ಚಾರ್ಲ್ಸ್ ಮತ್ತೆ ಟ್ಯೂಡರ್ ಕಿರೀಟವನ್ನೇ ಆರಿಸಿಕೊಂಡಿರುವುದರಿಂದ, ರಾಜಕಿರೀಟ ಇದ್ದರೆ ಸಾಕು ಅದು 1952ಕ್ಕಿಂತ ಹಳೆಯದು ಎಂಬ ನಮ್ಮ ಹಳೆಯ ಸೂತ್ರ ಇನ್ನು ನಡೆಯುವುದಿಲ್ಲ.

ಅಕ್ಷರಗಳ ವಿಚಾರಕ್ಕೆ ಬಂದರೆ, ರಾಯಲ್ ಫ್ಲೈಯಿಂಗ್ ಕೋರ್ 1912ರಲ್ಲಿ ಹುಟ್ಟಿತು, ಅದರ ಪೈಲಟ್ ವಿಂಗ್ಸ್‌ಗೆ ಐದನೆಯ ಜಾರ್ಜ್ ಒಪ್ಪಿಗೆ ಕೊಟ್ಟದ್ದು 1913ರ ಫೆಬ್ರವರಿಯಲ್ಲಿ. 1918ರ ಏಪ್ರಿಲ್ 1ರಂದು ಅದು ರಾಯಲ್ ಏರ್‌ಫೋರ್ಸ್ (ಆರ್‌ಎಎಫ್) ಆದಾಗ ವಿನ್ಯಾಸದ ಅಸ್ತಿಭಾರ ಹಾಗೆಯೇ ಉಳಿದು ನಡುವಿನ ಅಕ್ಷರಗಳು ಬದಲಾದವು. ನಮ್ಮ ಇಂಡಿಯನ್ ಏರ್‌ಫೋರ್ಸ್ 1932ರ ಅಕ್ಟೋಬರ್ 8ರಂದು ಸ್ಥಾಪನೆಯಾಯಿತು. ಅದಕ್ಕೆ ರಾಯಲ್ ಎಂಬ ಪೂರ್ವಪದ ಸೇರಿದ್ದು 1945ರ ಮಾರ್ಚ್‌ನಲ್ಲಿ, ಅದು ಬಿದ್ದುಹೋದದ್ದು 1950ರ ಜನವರಿ 26ರಂದು. ಹೀಗಾಗಿ ನಡುವೆ ಆರ್‌ಐಎಎಫ್ ಎಂಬ ನಾಲ್ಕು ಅಕ್ಷರಗಳಿದ್ದರೆ ಆ ವಿಂಗ್ಸ್ 1945ಕ್ಕಿಂತ ಹಿಂದಿನದಾಗಿರಲು ಸಾಧ್ಯವೇ ಇಲ್ಲ. ಗಣರಾಜ್ಯವಾದ ಮೇಲೆ ಕಿರೀಟದ ಜಾಗಕ್ಕೆ ಅಶೋಕನ ಸಿಂಹಗಳು ಬಂದವು. ಪಾಕಿಸ್ತಾನದವರು ಮಾತ್ರ 1956ರವರೆಗೆ ರಾಯಲ್ ಎಂಬುದನ್ನು ಉಳಿಸಿಕೊಂಡಿದ್ದರು. ಆದ್ದರಿಂದ ಉಪಖಂಡದಲ್ಲಿ 1950ರ ನಂತರದ ಕಿರೀಟ ಕಂಡರೆ ಆರ್‌ಪಿಎಎಫ್ ಎಂಬ ಅಕ್ಷರಗಳಿವೆಯೇ ಎಂದು ಹುಡುಕಬೇಕಾಗುತ್ತದೆ.

ಅಟ್ಟದಪೆಟ್ಟಿಗೆ

ಧನ್ಯವಾದಗಳು. ಭೂತಗನ್ನಡಿ ಹಿಡಿದು ನೋಡಿದೆ. ಅಂಗಿಯ ಮೇಲಿರುವುದರಲ್ಲಿ ಮೂರೇ ಅಕ್ಷರಗಳಿವೆ, ಆರ್‌ಎಎಫ್. ಕಿರೀಟ ದುಂಡಗಿದೆ. ರೆಕ್ಕೆಗಳು ಬೆಳ್ಳಗೆ ಇದ್ದು ಈಗ ಕೆನೆಬಣ್ಣಕ್ಕೆ ತಿರುಗಿವೆ, ಎಲೆಹಾರ ಕಂದು. ಕೆಳಗೆ ಹತ್ತಿಯಂಥದ್ದೇನನ್ನೋ ತುಂಬಿ ಉಬ್ಬಿಸಿದ್ದಾರೆ. ಹಾಗಾದರೆ 1918ರಿಂದ 1952ರ ನಡುವಿನದು ಎಂದಾಯಿತೇ?

ನಾನು ಕೊಂಡ ಆರ್‌ಎಫ್‌ಸಿಯ ಕಿರೀಟವನ್ನೂ ನೋಡಿದೆ. ನಡುವಿನಲ್ಲಿ ತಗ್ಗಿದೆ. ಇದರ ಅರ್ಥವೇನು?

ಸಂಶಯಾತ್ಮ (ಧಾರವಾಡ)

ಅರ್ಥ ಸರಳವಾಗಿದೆ. 1918ರಲ್ಲಿ ಮುಚ್ಚಿಹೋದ ಸಂಸ್ಥೆಯ ಲಾಂಛನದ ಮೇಲೆ, ಐದನೆಯ ಜಾರ್ಜನ ಕಾಲದಲ್ಲಿ ಬಳಕೆಯಲ್ಲೇ ಇಲ್ಲದಿದ್ದ ಕಿರೀಟ ಕುಳಿತಿದೆ. ಹೊಲಿದವರ ಮುಂದೆ ಇದ್ದದ್ದು 1953ರ ನಂತರದ ಯಾವುದೋ ಮಾದರಿ. ನಿಮ್ಮ ಚೀಟಿಯಲ್ಲಿರುವ 1917 ಎಂಬ ಇಸವಿಯನ್ನು ಈ ಕಿರೀಟವೇ ಹೊಡೆದುಹಾಕುತ್ತದೆ.

ಆದರೂ ಕೇವಲ ಕಿರೀಟದ ಮೇಲೆ ತೀರ್ಪು ಕೊಡುವುದಕ್ಕೆ ನಾನು ಒಪ್ಪುವುದಿಲ್ಲ. ಸೂಜಿಯಲ್ಲಿ ಅರ್ಧ ಅಂಗುಲದ ಕಿರೀಟ ಬಿಡಿಸುವಾಗ ಕೈ ಸ್ವಲ್ಪ ಜಾರಿದರೂ ದುಂಡನೆಯ ಕಮಾನು ತಗ್ಗಿದಂತೆ ಕಾಣಬಹುದು. ಬಟ್ಟೆ ಕುಗ್ಗಿದರೂ ಹಾಗಾಗಬಹುದು. ಲೋಹದ ಬಿಲ್ಲೆಯಲ್ಲಿ ಕಿರೀಟದ ಆಕಾರ ಗಟ್ಟಿ ಸಾಕ್ಷಿ, ಕಸೂತಿಯಲ್ಲಿ ಅದು ಅಷ್ಟು ಗಟ್ಟಿಯಲ್ಲ. ಆದ್ದರಿಂದ ವಿಂಗ್ಸ್ ಅನ್ನು ಮಗುಚಿ ಹಿಂಬದಿಯ ಚಿತ್ರ ಹಾಕಿ. ಮುಂಬದಿಯನ್ನು ನೋಡಿ ಯಾರು ಬೇಕಾದರೂ ನಕಲು ಮಾಡಬಹುದು. ನಕಲು ಮಾಡುವವರು ಹಿಂಬದಿಗೆ ಅಷ್ಟು ಶ್ರಮ ಹಾಕುವುದಿಲ್ಲ.

ಮತ್ತೊಂದು ಮಾತು. ಆರ್‌ಎಫ್‌ಸಿ ಪೈಲಟ್‌ಗಳಾಗಿ ಹಾರಿದ ಭಾರತೀಯರೆಂದು ಸಾಮಾನ್ಯವಾಗಿ ಕೇಳಿಬರುವ ಹೆಸರುಗಳು ಬೆರಳೆಣಿಕೆಯವು: ಇಂದ್ರಲಾಲ್ ರಾಯ್, ಹರ್ದಿತ್ ಸಿಂಗ್ ಮಲಿಕ್, ಶ್ರೀಕೃಷ್ಣ ವೆಲಿಂಕರ್, ಎರಲ್ ಚಂದ್ರ ಸೇನ್. ಬ್ರಿಟಿಷ್ ಪೈಲಟ್‌ಗಳು ಇಲ್ಲಿಗೆ ಬಂದಿದ್ದರು ನಿಜ, 31ನೇ ಸ್ಕ್ವಾಡ್ರನ್ 1915ರ ಕೊನೆಯಲ್ಲೇ ಭಾರತಕ್ಕೆ ಬಂದು ವಾಯವ್ಯ ಗಡಿಯಲ್ಲಿ ಹಾರುತ್ತಿತ್ತು. ಆದರೆ ನಮ್ಮ ಊರುಗಳ ಪ್ರತಿ ಅಂಗಡಿಯ ಗಾಜಿನ ಪೆಟ್ಟಿಗೆಯಲ್ಲೂ ಒಂದೊಂದು ಆರ್‌ಎಫ್‌ಸಿ ವಿಂಗ್ಸ್ ಹೊಳೆಯುತ್ತಿರುವುದನ್ನು ಕಂಡಾಗ, ಇಷ್ಟೊಂದು ಪೈಲಟ್‌ಗಳು ಎಲ್ಲಿದ್ದರು ಎಂದು ಕೇಳಿಕೊಳ್ಳಬೇಕಾಗುತ್ತದೆ.

ಜರಿಯಂಗಡಿ (ಚಿಕ್ಕಪೇಟೆ)

ನಾನು ಸಂಗ್ರಾಹಕನಲ್ಲ, ಜರಿಯ ವ್ಯಾಪಾರದವನು. ಆದರೆ ಇದು ನನ್ನ ವಿಷಯವೂ ಆಗಿರುವುದರಿಂದ ನಾಲ್ಕು ಮಾತು ಬರೆಯುತ್ತೇನೆ.

ಬುಲಿಯನ್ ವಿಂಗ್ಸ್ ಎಂದು ಸಂಗ್ರಾಹಕರು ಕರೆಯುವುದು ನಮ್ಮ ಜರ್ದೋಸಿಯೇ. ಸುರುಳಿ ಸುತ್ತಿದ ಲೋಹದ ತಂತಿಯನ್ನು ಚಿಕ್ಕ ಚಿಕ್ಕ ತುಂಡು ಮಾಡಿ, ಮಣಿ ಪೋಣಿಸಿದಂತೆ ದಾರದಲ್ಲಿ ಪೋಣಿಸಿ, ಕೆಳಗೆ ಹತ್ತಿ ಅಥವಾ ರಟ್ಟಿನ ಅಚ್ಚಿಟ್ಟು ಹೊಲಿಯುತ್ತಾರೆ. ಬನಾರಸ್ಸಿನ ಕುಶಲಕರ್ಮಿಗಳು ಇಂದಿಗೂ ಜಗತ್ತಿನ ಎಷ್ಟೋ ಸೇನೆಗಳಿಗೆ ಮತ್ತು ಕ್ಲಬ್ಬುಗಳಿಗೆ ಕಸೂತಿ ಲಾಂಛನ ಮಾಡಿ ಕಳಿಸುತ್ತಾರೆ, ಗಡಿಯಾಚೆ ಸಿಯಾಲ್‌ಕೋಟ್‌ನಲ್ಲಿಯೂ ಇದೇ ಕೆಲಸ ನಡೆಯುತ್ತದೆ. ಅವರು ಮೋಸಗಾರರಲ್ಲ. ಕೇಳಿದವರಿಗೆ ಕೇಳಿದ ಮಾದರಿಯನ್ನು ಮಾಡಿಕೊಡುತ್ತಾರೆ, ಹೊಸದೆಂದೇ ಮಾರುತ್ತಾರೆ. ಅದಕ್ಕೆ ಚಹಾದ ನೀರು ಹಾಕಿ, ಬಿಸಿಲಿಗಿಟ್ಟು, ಹಳೆಯ ಚೀಟಿ ಅಂಟಿಸುವವರು ಬೇರೆ. ಹೊಸದನ್ನು ಮಾಡುವವರ ಕೈ ಮತ್ತು ಯುದ್ಧಕಾಲದಲ್ಲಿ ದಂಡುಪ್ರದೇಶದ ದರ್ಜಿಗಳಿಗೆ ಮಾಡಿಕೊಡುತ್ತಿದ್ದವರ ಕೈ ಒಂದೇ ಪರಂಪರೆಯದಾದ್ದರಿಂದ, ಕಸೂತಿಯ ಅಂದವನ್ನು ನೋಡಿ ಹಳೆಯದು ಹೊಸದು ಎನ್ನಲು ಹೋದರೆ ಸೋಲುತ್ತೀರಿ. ವಸ್ತುವನ್ನು ನೋಡಬೇಕು.

ಹಳೆಯ ಒಳ್ಳೆಯ ಜರಿಯಲ್ಲಿ ಬೆಳ್ಳಿಯಿರುತ್ತದೆ. ಅದು ಕಾಲಕ್ರಮದಲ್ಲಿ ಕಪ್ಪಾಗುತ್ತದೆ, ಮತ್ತು ಎಲ್ಲೆಡೆ ಒಂದೇ ಸಮನಾಗಿ ಕಪ್ಪಾಗುವುದಿಲ್ಲ. ಕೈ ತಾಗುವ ಉಬ್ಬುಗಳು ಬೆಳಗಿರುತ್ತವೆ, ಸಂದುಗಳು ಕಪ್ಪಾಗಿರುತ್ತವೆ. ಈಗಿನ ಅಗ್ಗದ ಜರಿಯಲ್ಲಿ ಪ್ಲಾಸ್ಟಿಕ್ ಪದರದ ಮೇಲೆ ಲೋಹದ ಲೇಪ ಇರುತ್ತದೆ, ಅದು ಕಪ್ಪಾಗುವುದಕ್ಕೆ ಬದಲು ಸುಲಿಯುತ್ತದೆ. ಹಿಂಬದಿಯಿಂದ ಒಂದು ಸಡಿಲ ನೂಲಿನ ತುದಿಯನ್ನು ಕತ್ತರಿಸಿ ಚಿಮುಟದಲ್ಲಿ ಹಿಡಿದು ಸುಟ್ಟು ನೋಡಿ. ಹತ್ತಿ ಕಾಗದದಂತೆ ಉರಿದು ಬೂದಿಯಾಗುತ್ತದೆ. ರೇಷ್ಮೆ ಮತ್ತು ಉಣ್ಣೆ ಕೂದಲು ಸುಟ್ಟ ವಾಸನೆ ಕೊಡುತ್ತವೆ. ಪಾಲಿಯೆಸ್ಟರ್ ಕರಗಿ ಗಟ್ಟಿ ಮಣಿಯಾಗುತ್ತದೆ. ಪಾಲಿಯೆಸ್ಟರ್ ನಾರು ಕಂಡುಹಿಡಿದದ್ದೇ 1941ರಲ್ಲಿ, ಅದು ಮಾರುಕಟ್ಟೆಗೆ ಬಂದದ್ದು ಯುದ್ಧ ಮುಗಿದು ಎಷ್ಟೋ ಮೇಲೆ. 1917ರ ವಿಂಗ್ಸ್‌ನ ನೂಲು ಮಣಿಯಾದರೆ ಮುಂದೆ ಮಾತಾಡುವುದಕ್ಕೇನೂ ಇಲ್ಲ. ಅಂಗಿಯ ಮೇಲಿರುವ ಹಳೆಯದರಿಂದ ಮಾತ್ರ ಏನನ್ನೂ ಕತ್ತರಿಸಬೇಡಿ.

ಹಲಸೂರುಹೈದ (ಬೆಂಗಳೂರು)

ನನಗೊಂದು ಯೋಚನೆ. ಎರಡನೆಯ ಮಹಾಯುದ್ಧದಲ್ಲಿ ಆರ್‌ಎಎಫ್‌ನ 129ನೇ ಸ್ಕ್ವಾಡ್ರನ್‌ಗೆ ಮೈಸೂರು ಸ್ಕ್ವಾಡ್ರನ್ ಎಂದೇ ಹೆಸರಿತ್ತು, ಲಾಂಛನದಲ್ಲಿ ನಮ್ಮ ಗಂಡಭೇರುಂಡವೇ ಇತ್ತು. ಅಟ್ಟದಪೆಟ್ಟಿಗೆಯವರ ತಾತ ಮೈಸೂರಿನವರು. ಅವರು ಆ ಸ್ಕ್ವಾಡ್ರನ್‌ನಲ್ಲಿ ಇದ್ದಿರಬಹುದಲ್ಲವೇ?

ನಿವೃತ್ತವಾಯುಸೈನಿಕ

ಆಸೆ ಒಳ್ಳೆಯದೇ, ಆದರೆ ದಾರಿ ತಪ್ಪುತ್ತದೆ. 129ನೇ ಸ್ಕ್ವಾಡ್ರನ್ 1941ರ ಜೂನ್‌ನಲ್ಲಿ ಇಂಗ್ಲೆಂಡಿನ ಲೆಕನ್‌ಫೀಲ್ಡ್‌ನಲ್ಲಿ ಸ್ಪಿಟ್‌ಫೈರ್ ಯುದ್ಧವಿಮಾನಗಳೊಂದಿಗೆ ಶುರುವಾಯಿತು. ಅದರ ವಿಮಾನಗಳಿಗೆ ಮೈಸೂರಿನ ದೇಣಿಗೆಯ ಹಣ ಹೋಗಿದ್ದರಿಂದ ಆ ಹೆಸರು ಬಂತೇ ಹೊರತು ಮೈಸೂರಿನ ಜನರಿಂದ ಕಟ್ಟಿದ ದಳವಲ್ಲ ಅದು. 1942ರಲ್ಲಿ ಫ್ರಾನ್ಸಿನ ಡಿಯೆಪ್ ಮೇಲಿನ ದಾಳಿಯಲ್ಲಿ ಹೋರಾಡಿತು, ಮುಂದೆ ಮಸ್ಟಾಂಗ್ ವಿಮಾನ ಹಾರಿಸಿತು, ಯುದ್ಧ ಮುಗಿದ ಮೇಲೆ ನಾರ್ವೆಗೆ ಹೋಯಿತು, 1946ರಲ್ಲಿ ಬೇರೆ ಸಂಖ್ಯೆ ಪಡೆಯಿತು. ಯುದ್ಧದುದ್ದಕ್ಕೂ ಅದರ ಕೆಲಸವೆಲ್ಲ ಯುರೋಪಿನಲ್ಲೇ.

ಇನ್ನೊಂದು ವಿಷಯವನ್ನೂ ಬೇರ್ಪಡಿಸಬೇಕು. ಸ್ಕ್ವಾಡ್ರನ್ ಲಾಂಛನ ಬೇರೆ, ವಿಂಗ್ಸ್ ಬೇರೆ. ವಿಂಗ್ಸ್ ಹೇಳುವುದು ಇಷ್ಟನ್ನೇ: ಧರಿಸಿದವನು ತರಬೇತಿ ಮುಗಿಸಿ ಪೈಲಟ್ ಆಗಿದ್ದಾನೆ. ಯಾವ ದಳ, ಯಾವ ವಿಮಾನ, ಯಾವ ರಣರಂಗ ಎಂಬುದನ್ನು ಅದು ಹೇಳುವುದಿಲ್ಲ. ಎರಡು ರೆಕ್ಕೆಗಳಿದ್ದರೆ ಪೈಲಟ್, ಒಂದೇ ರೆಕ್ಕೆಯಿದ್ದರೆ ಬೇರೆ ಸಿಬ್ಬಂದಿ. ಒಂಟಿ ರೆಕ್ಕೆಯಲ್ಲಿ ಓ ಅಕ್ಷರವಿದ್ದರೆ ವೀಕ್ಷಕ, ಅದು 1915ರಿಂದಲೇ ಇದೆ. ಎಜಿ ಎಂದಿದ್ದರೆ ಏರ್ ಗನ್ನರ್, 1939ರ ಕೊನೆಯಿಂದ. ಎನ್ ಎಂದಿದ್ದರೆ ನ್ಯಾವಿಗೇಟರ್, 1942ರಿಂದ. ಕಾಲ ಗುರುತಿಸುವುದಕ್ಕೆ ಪೈಲಟ್ ವಿಂಗ್ಸ್‌ಗಿಂತ ಈ ಒಂಟಿ ರೆಕ್ಕೆಗಳೇ ಹೆಚ್ಚು ಉಪಕಾರಿ, ಏಕೆಂದರೆ ಅವುಗಳ ಅಕ್ಷರಗಳು ಬೇಗ ಬೇಗ ಬದಲಾದವು. ಪೈಲಟ್ ವಿಂಗ್ಸ್ ಮೂವತ್ತು ವರ್ಷಕ್ಕೂ ಹೆಚ್ಚು ಕಾಲ ಒಂದೇ ಚಹರೆಯಲ್ಲಿ ಉಳಿದುಬಿಟ್ಟಿತು.

ಅಟ್ಟದಪೆಟ್ಟಿಗೆಯವರೇ, ತಾತನ ಹಾರಾಟದ ಲಾಗ್‌ಪುಸ್ತಕ ಪೆಟ್ಟಿಗೆಯಲ್ಲಿದೆಯೇ? ಪೈಲಟ್ ಆದವರು ಬೇರೇನನ್ನು ಕಳೆದುಕೊಂಡರೂ ಅದನ್ನು ಕಳೆದುಕೊಳ್ಳುವುದು ಅಪರೂಪ.

ನಾಣ್ಯಪ್ರಿಯ (ಹುಬ್ಬಳ್ಳಿ)

ಲೋಹದ ವಿಂಗ್ಸ್ ಕುರಿತು ಯಾರೂ ಬರೆದಿಲ್ಲವಾದ್ದರಿಂದ ನಾನು ಬರೆಯುತ್ತೇನೆ. ಪಟ್ಟೆಗಳ ಗುರಾಣಿ ಮತ್ತು ಮೂರು ಅಂಗುಲದ ಅಳತೆ ಎಂದರೆ ಅದು ಅಮೆರಿಕದ ಸೇನಾ ಪೈಲಟ್ ವಿಂಗ್ಸ್. ಅವರ ನೌಕಾ ಪೈಲಟ್‌ಗಳದು ಚಿನ್ನದ ಬಣ್ಣದ್ದು, ಅದರಲ್ಲಿ ಲಂಗರು ಇರುತ್ತದೆ. ಗುರಾಣಿಯ ಮೇಲೆ ನಕ್ಷತ್ರವಿದ್ದರೆ ಹಿರಿಯ ಪೈಲಟ್, ನಕ್ಷತ್ರದ ಸುತ್ತ ಹಾರವಿದ್ದರೆ ಕಮಾಂಡ್ ಪೈಲಟ್. ನಿಮ್ಮದರಲ್ಲಿ ಎರಡೂ ಇಲ್ಲವೆಂದು ಚಿತ್ರ ನೋಡಿ ಅಂದುಕೊಳ್ಳುತ್ತೇನೆ.

ಹಿಂಬದಿಯಲ್ಲಿ ಮೂರು ಸಂಗತಿ ನೋಡಬೇಕು. ಮೊದಲನೆಯದು ಸ್ಟರ್ಲಿಂಗ್ ಎಂಬ ಪದ. ಸಾವಿರಕ್ಕೆ 925 ಪಾಲು ಬೆಳ್ಳಿ ಎಂದು ಅದರರ್ಥ, ಯುದ್ಧಕಾಲದ ಅಮೆರಿಕನ್ ವಿಂಗ್ಸ್‌ಗಳಲ್ಲಿ ಇದು ತೀರಾ ಸಾಮಾನ್ಯ. ಎರಡನೆಯದು ತಯಾರಕರ ಹೆಸರು. ನ್ಯೂಯಾರ್ಕಿನ ಮೇಯರ್ ಎಂಬ ಕಂಪನಿ, ಜೆಮ್ಸ್‌ಕೊ, ಆಟಲ್‌ಬರೊ ಊರಿನ ಆಮ್‌ಕ್ರಾಫ್ಟ್ ಮತ್ತು ರಾಬಿನ್ಸ್, ಬಾಲ್‌ಫರ್, ಹೀಗೆ ಹತ್ತಾರು ಕಂಪನಿಗಳಿದ್ದವು. ಮೂರನೆಯದು ಸಿಕ್ಕಿಸುವ ವಿಧಾನ. ಹಳೆಯ ಪದ್ಧತಿ ಉದ್ದನೆಯ ಪಿನ್. ಎರಡು ಮೊಳೆಗಳ ಮೇಲೆ ಒತ್ತಿ ಕೂರಿಸುವ ಕ್ಲಚ್ ಬಂದದ್ದು ಯುದ್ಧದ ನಡುವೆ, ಪಿನ್ ಕೂಡ ಅದರ ಜೊತೆಯಲ್ಲೇ ಮುಂದುವರಿಯಿತು. ಹೀಗಾಗಿ ಕ್ಲಚ್ ಇದ್ದರೆ 1942ಕ್ಕಿಂತ ಹಿಂದೆ ಹೋಗುವಂತಿಲ್ಲ, ಆದರೆ ಪಿನ್ ಇದ್ದ ಮಾತ್ರಕ್ಕೆ 1942ಕ್ಕಿಂತ ಹಿಂದಿನದು ಎನ್ನುವಂತೆಯೂ ಇಲ್ಲ. ಈ ಎರಡನೆಯ ತಪ್ಪನ್ನು ನಾನೇ ಮಾಡಿ ಒಂದು ಬಿಲ್ಲೆಗೆ ಹೆಚ್ಚು ಬೆಲೆ ತೆತ್ತಿದ್ದೇನೆ.

ಇನ್ನೊಂದು ಬಲೆಯಿದೆ. ಕೆಲವು ಕಂಪನಿಗಳು ಹಳೆಯ ಅಚ್ಚುಗಳನ್ನು ಎಸೆಯದೆ ಇಟ್ಟುಕೊಂಡು ದಶಕಗಳ ನಂತರ ಮತ್ತೆ ಒತ್ತಿದವು. ಇವನ್ನು ರೀಸ್ಟ್ರೈಕ್ ಎನ್ನುತ್ತಾರೆ. ಅಚ್ಚು ಅಸಲಿಯೇ, ಒತ್ತಿದ ಕಾಲ ಮಾತ್ರ ಬೇರೆ. ನಾಣ್ಯದವರಿಗೆ ಇದು ಹೊಸದಲ್ಲ. ತಯಾರಕರ ಹೆಸರಿನ ಜೊತೆ ಅಕ್ಷರ ಮತ್ತು ಅಂಕಿ ಸೇರಿದ ಸಂಕೇತವಿದ್ದರೆ ಅದು ಯುದ್ಧಾನಂತರದ ಪದ್ಧತಿ. ಹಾಗೆಂದು ಯಾವ ಗುರುತೂ ಇಲ್ಲದಿದ್ದರೆ ನಕಲಿ ಎನ್ನಲೂ ಆಗದು, ಏಕೆಂದರೆ ಚೀನಾ, ಬರ್ಮಾ, ಭಾರತದ ರಣರಂಗದಲ್ಲಿದ್ದ ಅಮೆರಿಕನ್ನರು ಇಲ್ಲಿಯ ಅಕ್ಕಸಾಲಿಗರಿಂದಲೂ ದರ್ಜಿಗಳಿಂದಲೂ ವಿಂಗ್ಸ್ ಮಾಡಿಸಿಕೊಂಡರು. ಗರಿಗಳು ಕೈಯಲ್ಲಿ ಕೊರೆದವು, ಎರಡು ಕಡೆಯೂ ಸಮವಿರದವು. ಈಗ ಅಂಥವನ್ನು ಹುಡುಕುವವರು ಬೇರೆಯೇ ಇದ್ದಾರೆ.

ಕೊನೆಯದಾಗಿ ಒಂದು ಕೋರಿಕೆ. ನಮ್ಮ ಮನೆಗಳಲ್ಲಿ ಬೆಳ್ಳಿ ಕಂಡರೆ ಸಾಕು, ವಿಭೂತಿಯೋ ಹುಣಸೆಹಣ್ಣೋ ಹಾಕಿ ಉಜ್ಜಿ ಫಳಫಳ ಮಾಡುವ ಚಟವಿದೆ. ದಯವಿಟ್ಟು ಅದನ್ನು ದೇವರಮನೆಯ ದೀಪಗಳಿಗೇ ಉಳಿಸಿಕೊಳ್ಳಿ. ಗರಿಗಳ ಸಂದಿನ ಕಪ್ಪು ಒಮ್ಮೆ ಹೋದರೆ ಅದರೊಂದಿಗೆ ಅರ್ಧ ಸಾಕ್ಷಿಯೂ ಹೋಗುತ್ತದೆ.

ಬರ್ಮಿಂಗ್‌ಹ್ಯಾಮ್‌ಕನ್ನಡಿಗ

ಈ ಎಳೆಯನ್ನು ಓದುವವರಲ್ಲಿ ಚಿಕ್ಕ ಬೆಳ್ಳಿ ವಿಂಗ್ಸ್ ಇಟ್ಟುಕೊಂಡವರೂ ಇರಬಹುದೆಂದು ಇದನ್ನು ಸೇರಿಸುತ್ತಿದ್ದೇನೆ. ಒಂದೂವರೆ ಎರಡು ಅಂಗುಲದ, ಸೀರೆಗೋ ಕೋಟಿಗೋ ಸಿಕ್ಕಿಸುವಂಥ ಆರ್‌ಎಫ್‌ಸಿ ಅಥವಾ ಆರ್‌ಎಎಫ್ ವಿಂಗ್ಸ್ ಸಿಕ್ಕಿದರೆ ಅದು ಬಹುಮಟ್ಟಿಗೆ ಸೈನಿಕ ಧರಿಸಿದ್ದಲ್ಲ, ಅವನು ತನ್ನ ಹೆಂಡತಿಗೋ ಪ್ರೇಯಸಿಗೋ ತಾಯಿಗೋ ಕೊಟ್ಟ ಬ್ರೋಚ್. ಸ್ವೀಟ್‌ಹಾರ್ಟ್ ಬ್ರೋಚ್ ಎಂದೇ ಇಲ್ಲಿ ಹೆಸರು. ಅಧಿಕೃತ ವಿಂಗ್ಸ್‌ಗಿಂತ ಇದರ ಕಾಲ ಹೇಳುವುದು ಎಷ್ಟೋ ಸುಲಭ, ಏಕೆಂದರೆ ಬ್ರಿಟಿಷ್ ಬೆಳ್ಳಿಯ ಮೇಲೆ ಹಾಲ್‌ಮಾರ್ಕ್ ಇರುತ್ತದೆ. ನಡೆಯುವ ಸಿಂಹವಿದ್ದರೆ ಸ್ಟರ್ಲಿಂಗ್ ಬೆಳ್ಳಿ, ಲಂಗರು ಇದ್ದರೆ ಬರ್ಮಿಂಗ್‌ಹ್ಯಾಮ್, ಚಿರತೆಯ ಮುಖವಿದ್ದರೆ ಲಂಡನ್. ಜೊತೆಯಲ್ಲಿರುವ ಒಂದು ಅಕ್ಷರ ಪ್ರತಿ ವರ್ಷ ಬದಲಾಗುತ್ತಿತ್ತು. ಅಕ್ಷರದ ಆಕಾರ ಮತ್ತು ಅದರ ಸುತ್ತಲಿನ ಚೌಕಟ್ಟು ಎರಡನ್ನೂ ಪಟ್ಟಿಯೊಂದಿಗೆ ಹೋಲಿಸಿದರೆ ಇಸವಿ ಸಿಕ್ಕಿಬಿಡುತ್ತದೆ. ಅಕ್ಷರ ಬದಲಾಗುತ್ತಿದ್ದದ್ದು ಜನವರಿಯಲ್ಲಿ ಅಲ್ಲ, ವರ್ಷದ ನಡುವೆ. ಆದ್ದರಿಂದ ಒಂದು ಅಕ್ಷರ ಎರಡು ಇಸವಿಗಳಿಗೆ ಹರಡಿಕೊಂಡಿರುತ್ತದೆ.

ಬ್ರಿಟಿಷ್ ಅಧಿಕಾರಿಯೊಬ್ಬರ ಹೆಸರು ಸಿಕ್ಕರೆ ತಿಳಿಸಿ. ಮೊದಲ ಮಹಾಯುದ್ಧದ ಕೊನೆಯ ಆರ್‌ಎಎಫ್ ಅಧಿಕಾರಿಗಳ ಸೇವಾ ದಾಖಲೆಗಳು ಲಂಡನ್ನಿನ ಕ್ಯೂ ಎಂಬಲ್ಲಿರುವ ರಾಷ್ಟ್ರೀಯ ಪತ್ರಾಗಾರದಲ್ಲಿವೆ, ಮುಂದಿನವರ ನೇಮಕ ಮತ್ತು ಬಡ್ತಿ ಲಂಡನ್ ಗೆಜೆಟ್‌ನಲ್ಲಿ ಅಚ್ಚಾಗಿರುತ್ತವೆ.

ಅಟ್ಟದಪೆಟ್ಟಿಗೆ

ಒಂದು ವಾರ ಬರೆಯಲಾಗಲಿಲ್ಲ, ಕ್ಷಮಿಸಿ. ಮಾಡಿ ನೋಡಿದ್ದನ್ನು ಒಂದೊಂದಾಗಿ ಹೇಳುತ್ತೇನೆ.

ಆರ್‌ಎಫ್‌ಸಿಯ ಹಿಂಬದಿಯ ನೂಲನ್ನು ಸುಟ್ಟೆ. ಮಣಿಯಾಯಿತು. ನೋಟು ಪರೀಕ್ಷಿಸುವ ನೇರಳಾತೀತ ದೀಪದ ಕೆಳಗೆ ಹಿಡಿದಾಗ ಅದರ ಬಿಳಿ ನೂಲುಗಳು ನೀಲಿಯಾಗಿ ಹೊಳೆದವು. ವ್ಯಾಪಾರಿಗೆ ತಿಳಿಸಿದೆ. ಹಣ ಹಿಂದಿರುಗಿಸುವುದಿಲ್ಲ, ಬೇಕಿದ್ದರೆ ಬದಲಿಗೆ ಬೇರೊಂದು ವಿಂಗ್ಸ್ ಕೊಡುತ್ತೇನೆ ಎಂದರು. ಬೇಡವೆಂದೆ.

ಆದರೆ ನನ್ನ ಎದೆ ಒಡೆದದ್ದು ಆಮೇಲೆ. ಅಂಗಿಯ ಮೇಲಿನ ಆರ್‌ಎಎಫ್ ವಿಂಗ್ಸ್ ಕೂಡ ಅದೇ ದೀಪದಲ್ಲಿ ಹೊಳೆಯಿತು. ಬೆಳಗುವ ರಾಸಾಯನಿಕ ಹಾಕಿದ ನೂಲು ಯುದ್ಧದ ನಂತರದ್ದು ಎಂದು ಎಲ್ಲ ಕಡೆ ಓದಿದ್ದೇನೆ. ತಾತನ ಪೆಟ್ಟಿಗೆಯದೂ ನಕಲಿಯೇ?

ಜರಿಯಂಗಡಿ

ಗಾಬರಿಯಾಗಬೇಡಿ. ಅಂಗಿಯ ಬಟ್ಟೆಯೂ ಹೊಳೆಯಿತೇ? ವಿಂಗ್ಸ್ ಅನ್ನು ಹೊಲಿದ ನೂಲು? ಹೊಳೆತ ಎಲ್ಲೆಡೆ ಒಂದೇ ತೆರನಾಗಿತ್ತೇ?

ಅಟ್ಟದಪೆಟ್ಟಿಗೆ

ಹೌದು. ಅಂಗಿ ಇಡಿಯಾಗಿ ಮಂದವಾಗಿ ಹೊಳೆಯುತ್ತದೆ. ರೆಕ್ಕೆ, ಹೊಲಿಗೆ, ಗುಂಡಿಯ ಮನೆ ಎಲ್ಲವೂ. ಹಿಂಬದಿಯ ಒಂದು ಹರಿದ ಸಂದಿನಿಂದ ಕಾಣುವ ಒಳತುಂಬು ಮಾತ್ರ ಕಳೆಗುಂದಿದೆ.

ಜರಿಯಂಗಡಿ

ಹಾಗಾದರೆ ಯಾರೋ ಒಗೆದಿದ್ದಾರೆ. ನೀಲಿ ಹಾಕುತ್ತಿದ್ದ ಕಾಲ ಕಳೆದು ಟಿನೋಪಾಲ್ (ಬಟ್ಟೆಯನ್ನು ಬೆಳ್ಳಗೆ ಹೊಳೆಯಿಸುವ ಪುಡಿ) ಬಂದ ಮೇಲೆ ಒಗೆದಿದ್ದಾರೆ. ನೀಲಿ ಹೊಳೆಯುವುದಿಲ್ಲ, ಟಿನೋಪಾಲ್ ಹೊಳೆಯುತ್ತದೆ, ಈಗಿನ ಸಾಬೂನುಪುಡಿಗಳೂ ಹೊಳೆಯುತ್ತವೆ. ಆ ರಾಸಾಯನಿಕ ಹತ್ತಿಯನ್ನು ಹಿಡಿದರೆ ಬಿಡುವುದಿಲ್ಲ. ನಕಲಿ ಕಸೂತಿಯಲ್ಲಿ ಹೊಸ ನೂಲು ಮಾತ್ರ ಥಟ್ಟನೆ ಹೊಳೆಯುತ್ತದೆ, ಪಕ್ಕದ ಬಟ್ಟೆ ಸುಮ್ಮನಿರುತ್ತದೆ. ನಿಮ್ಮದರಲ್ಲಿ ಹೊರಗಿನದೆಲ್ಲ ಹೊಳೆದು ಒಳತುಂಬು ಕಳೆಗುಂದಿರುವುದು ಹೊಸ ನೂಲಿನ ಲಕ್ಷಣವಲ್ಲ. ನಿಮ್ಮ ತಾಯಿಯವರನ್ನು ಕೇಳಿ ನೋಡಿ.

ಅಟ್ಟದಪೆಟ್ಟಿಗೆ

ಕೇಳಿದೆ. ಅಜ್ಜಿ ತೀರಿಕೊಂಡ ಮೇಲೆ, ಎಪ್ಪತ್ತರ ದಶಕದಲ್ಲಿ, ಪೆಟ್ಟಿಗೆಯ ಬಟ್ಟೆಗಳಿಗೆ ನುಸಿ ಹಿಡಿದಿತ್ತೆಂದು ಎಲ್ಲವನ್ನೂ ಒಗೆದು ಒಣಗಿಸಿ ಮತ್ತೆ ಒಳಗಿಟ್ಟೆ ಎಂದರು. ಟಿನೋಪಾಲ್ ಹಾಕಿದ್ದಿರಾ ಎಂದು ಕೇಳಿದರೆ, ಹಾಕದೆ ಇರುತ್ತೇವೆಯೇ ಎಂದು ನನ್ನನ್ನೇ ಕೇಳಿದರು.

ಲೋಹದ ವಿಂಗ್ಸ್‌ನ ಹಿಂದೆ ಸ್ಟರ್ಲಿಂಗ್ ಎಂದಿದೆ, ಮೇಯರ್ ಹೆಸರು ಮತ್ತು ನ್ಯೂಯಾರ್ಕ್ ಎಂದಿದೆ, ಅಂಕಿಗಳ ಸಂಕೇತವಿಲ್ಲ, ಪಿನ್ ಇದೆ. ಲಾಗ್‌ಪುಸ್ತಕ ಇಲ್ಲ. ಅಂಗಿಯ ಕತ್ತುಪಟ್ಟಿಯ ಒಳಗೆ ಕಪ್ಪು ಮಸಿಯಲ್ಲಿ ಎರಡು ಚುಕ್ಕೆ ಮತ್ತು ಒಂದು ಗೆರೆ ಇದೆ. ಅಲ್ಲದೆ ಅಂಗಿಯ ಅಳತೆ ತಾತನಿಗೆ ಹೊಂದುವುದಿಲ್ಲ. ಭಾವಚಿತ್ರದಲ್ಲಿ ಅವರು ತೆಳ್ಳಗೆ, ಕುಳ್ಳಗಿದ್ದಾರೆ, ಅಂಗಿ ಆರಡಿಯವರದು.

ನಿವೃತ್ತವಾಯುಸೈನಿಕ

ಕತ್ತುಪಟ್ಟಿಯ ಗುರುತು ಅಗಸರದು. ಕರಿಗೇರಿನ ಮಸಿಯಲ್ಲಿ ಹಾಕುತ್ತಿದ್ದರು, ಎಷ್ಟು ಒಗೆದರೂ ಹೋಗುತ್ತಿರಲಿಲ್ಲ. ಯಾವ ಮನೆಯ ಬಟ್ಟೆ ಎಂಬುದು ಅವರಿಗೆ ಮಾತ್ರ ತಿಳಿಯುತ್ತಿತ್ತು, ಆದ್ದರಿಂದ ಅಧಿಕಾರಿಯ ಹೆಸರು ಅದರಿಂದ ಹೊರಡುವುದಿಲ್ಲ. ಅಂಗಿ ಈ ದೇಶದಲ್ಲಿ ಒಗೆದದ್ದು ಎಂಬುದಷ್ಟೇ ಖಚಿತ. ರಾಜಕಿರೀಟ, ಆರ್‌ಎಎಫ್ ಅಕ್ಷರ, ಖಾಕಿ ಡ್ರಿಲ್ ಬಟ್ಟೆ, ಜೊತೆಯಲ್ಲಿ ಸಿಕ್ಕ ಅಮೆರಿಕನ್ ವಿಂಗ್ಸ್ ಇವನ್ನೆಲ್ಲ ಕೂಡಿಸಿ ನಾನಾದರೆ 1942ರಿಂದ 1946ರ ನಡುವೆ ಎನ್ನುತ್ತೇನೆ. ವಿಂಗ್ಸ್ ಒಂದನ್ನೇ ಕೈಗೆ ಕೊಟ್ಟಿದ್ದರೆ ಅಷ್ಟು ಹತ್ತಿರಕ್ಕೆ ಬರಲು ನನಗೆ ಧೈರ್ಯವಿರುತ್ತಿರಲಿಲ್ಲ.

ನೀವು ಯಾರೂ ಗಮನಿಸದೆ ಬಿಟ್ಟ ವಸ್ತುವೊಂದು ಮೊದಲ ಪತ್ರದಲ್ಲೇ ಇದೆ. ಆ ಹಿತ್ತಾಳೆ ಬಿಲ್ಲೆಯ ಮೇಲೆ ಸಂಖ್ಯೆಯಲ್ಲದೆ ಬೇರೇನಾದರೂ ಇದೆಯೇ? ಭಾವಚಿತ್ರದಲ್ಲಿ ತಾತ ಯಾವ ಉಡುಪಿನಲ್ಲಿದ್ದಾರೆ?

ಅಟ್ಟದಪೆಟ್ಟಿಗೆ

ಬಿಲ್ಲೆಯ ಮೇಲೆ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಎಂದು ಸವೆದ ಅಕ್ಷರಗಳಿವೆ. ಮೇಲೆ ಒಂದು ತೂತಿದೆ. ಭಾವಚಿತ್ರದಲ್ಲಿ ಅವರು ಎಣ್ಣೆಕಲೆಯ ನಿಲುವಂಗಿ ತೊಟ್ಟಿದ್ದಾರೆ, ಕೈಯಲ್ಲಿ ಸ್ಪ್ಯಾನರ್ ಇದೆ. ಹಿಂದಿರುವ ವಿಮಾನದ ತಳ ದೋಣಿಯಂತಿದೆ.

ನಿವೃತ್ತವಾಯುಸೈನಿಕ

ದೋಣಿಯಂಥ ತಳವೆಂದರೆ ಬಹುಶಃ ಕ್ಯಾಟಲೀನಾ. ವಾಲ್‌ಚಂದ್ ಹೀರಾಚಂದರು ಮೈಸೂರು ಸರ್ಕಾರದ ಸಹಭಾಗಿತ್ವದಲ್ಲಿ 1940ರ ಡಿಸೆಂಬರ್‌ನಲ್ಲಿ ಕಟ್ಟಿದ ಹಿಂದೂಸ್ತಾನ್ ಏರ್‌ಕ್ರಾಫ್ಟ್ ಕಾರ್ಖಾನೆಯ ಆಡಳಿತ 1943ರಲ್ಲಿ ಅಮೆರಿಕದ ಸೇನಾ ವಾಯುಪಡೆಯ ಕೈಗೆ ಹೋಯಿತು. ಪೂರ್ವ ರಣರಂಗದ ವಿಮಾನಗ‌ಳು ದುರಸ್ತಿಗೆ ಬೆಂಗಳೂರಿಗೆ ಬರುತ್ತಿದ್ದವು. ನೀರಿನ ಮೇಲೆ ಇಳಿಯುವ ಕ್ಯಾಟಲೀನಾಗಳು ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಬೆಂಗಳೂರಿನ ಕಾರ್ಮಿಕನೊಬ್ಬನ ಪೆಟ್ಟಿಗೆಯಲ್ಲಿ ನ್ಯೂಯಾರ್ಕಿನ ವಿಂಗ್ಸ್ ಸಿಗುವುದಕ್ಕೆ ಇದಕ್ಕಿಂತ ನೇರವಾದ ದಾರಿ ನನಗೆ ಕಾಣುವುದಿಲ್ಲ. ತೂತಿರುವ ಸಂಖ್ಯೆಯ ಬಿಲ್ಲೆ ಕಾರ್ಖಾನೆಯ ಟೋಕನ್. ಹಾಜರಿ ಹಲಗೆಗೆ ನೇತುಹಾಕುತ್ತಿದ್ದರು.

ನಿಮ್ಮ ತಾತ ಪೈಲಟ್ ಆಗಿರಲಿಲ್ಲ. ಪೈಲಟ್‌ಗಳು ಯಾರ ಕೈಯನ್ನು ನಂಬಿ ಮೇಲೇರುತ್ತಿದ್ದರೋ ಅಂಥವರಲ್ಲಿ ಒಬ್ಬರಾಗಿದ್ದರು. ನಾನೂ ನೆಲದ ಮೇಲೆಯೇ ಇಪ್ಪತ್ತೆಂಟು ವರ್ಷ ದುಡಿದವನು, ಆದ್ದರಿಂದ ಈ ಮಾತಿನಲ್ಲಿ ಸ್ವಲ್ಪ ಪಕ್ಷಪಾತವಿದ್ದರೆ ಮನ್ನಿಸಬೇಕು.

ಹಲಸೂರುಹೈದ

ಮೇಯರ್ ವಿಂಗ್ಸ್‌ಗೆ ಹೊರದೇಶದಲ್ಲಿ ಒಳ್ಳೆಯ ಬೆಲೆ ಬರಬಹುದು. ಮಾರುವ ಯೋಚನೆಯಿದೆಯೇ?

ಸಂಶಯಾತ್ಮ

ಮಾರುವವರು ಒಂದನ್ನು ತಿಳಿದಿರಬೇಕು. 1972ರ ಪುರಾತನ ವಸ್ತುಗಳ ಕಾಯಿದೆಯಂತೆ ನೂರು ವರ್ಷ ದಾಟಿದ ಐತಿಹಾಸಿಕ ಮಹತ್ವದ ವಸ್ತುಗಳನ್ನು ಖಾಸಗಿಯವರು ದೇಶದಿಂದ ಹೊರಗೆ ಕಳಿಸುವಂತಿಲ್ಲ. ಎರಡನೆಯ ಮಹಾಯುದ್ಧದ ವಿಂಗ್ಸ್‌ಗಳು ಇನ್ನೂ ಆ ಗೆರೆ ದಾಟಿಲ್ಲ. ಅಸಲಿ ಆರ್‌ಎಫ್‌ಸಿ ವಿಂಗ್ಸ್‌ಗಳು ದಾಟಿವೆ. ಅಟ್ಟದಪೆಟ್ಟಿಗೆಯವರು ಕೊಂಡದ್ದಕ್ಕೆ ಮಾತ್ರ ಆ ತೊಂದರೆ ಸದ್ಯಕ್ಕಿಲ್ಲ.

ಅಟ್ಟದಪೆಟ್ಟಿಗೆ

ಮಾರುವುದಿಲ್ಲ. ನಿನ್ನೆ ಚೌಕಟ್ಟಿನ ಅಂಗಡಿಗೆ ಹೋಗಿ ಬಂದೆ. ಅಂಗಿಯಿಂದ ವಿಂಗ್ಸ್ ಅನ್ನು ಬಿಚ್ಚಬೇಡಿರೆಂದು ಹೇಳಿ, ಅಂಗಿಯನ್ನು ಹಾಗೆಯೇ ಮಡಚಿ ಗಾಜಿನ ಹಿಂದೆ ಇಡಿಸಿದ್ದೇನೆ. ಅಮೆರಿಕನ್ ವಿಂಗ್ಸ್ ಅದರ ಕೆಳಗೆ, ಕಪ್ಪು ಉಜ್ಜದೆ. ಹಿತ್ತಾಳೆ ಟೋಕನ್ ಮತ್ತು ಭಾವಚಿತ್ರ ನಡುವೆ. ತಾಯಿಗೆ ವಿಷಯವನ್ನೆಲ್ಲ ಹೇಳಿದಾಗ ಸ್ವಲ್ಪ ಹೊತ್ತು ಸುಮ್ಮನಿದ್ದು, ಅಪ್ಪ ತಾನು ಪೈಲಟ್ ಎಂದು ಯಾವತ್ತೂ ಹೇಳಿಕೊಂಡಿರಲಿಲ್ಲ, ಹೇಳಿದ್ದೆಲ್ಲ ಚಿಕ್ಕಪ್ಪನೇ ಎಂದರು. ಕೆಳಗಿನ ಚೀಟಿಯಲ್ಲಿ ತಾತನ ವಿಂಗ್ಸ್ ಎಂದು ಬರೆಸಿದ್ದೆ. ಅದನ್ನು ಹರಿದು, ತಾತನ ಪೆಟ್ಟಿಗೆಯಲ್ಲಿದ್ದ ವಿಂಗ್ಸ್, ತಾತನ ಟೋಕನ್, ಬೆಂಗಳೂರು, ಸುಮಾರು 1943–46 ಎಂದು ಬೇರೆ ಬರೆಸಿದೆ.